ಬುತ್ತಿ ಕಟ್ಟಿಕೊಂಡು ಕ್ರಿಸ್‌ಮಸ್ಸಿಗೆ

ಡಿಸೆಂಬರ್ 25ರ ರಜೆ ಹತ್ತಿರ ಬಂತೆಂದರೆ ಸಂತೆಕಲ್ಲೂರಿನಂಥ ಊರಿನಲ್ಲೂ ಬೆಂಗಳೂರಿನ ದೀಪಗಳದ್ದೇ ಮಾತು. ಐದು ವರ್ಷದೊಳಗಿನ ಕೂಸನ್ನು ಎತ್ತಿಕೊಂಡು ನಾನೂರು ಕಿ.ಮೀ. ಹೋಗಬೇಕೆ? ಹಂಪಿ ಹಾಳಾಗುವ ಮೊದಲೇ ಕ್ರಿಸ್‌ಮಸ್ ಕಂಡ ಊರೊಂದು ನಮ್ಮ ಮಗ್ಗುಲಲ್ಲೇ ಇದೆ!

ಬೆಳಗಿನ ಎಂಟು ಗಂಟೆಯಾದರೂ ಸಂತೆಕಲ್ಲೂರಿನಲ್ಲಿ ಬಸ್ಸಿಗೆ ಕಾಯುವವರ ಮೈಯಿಂದ ಚಳಿ ಇಳಿದಿಲ್ಲ. ಚಹಾದಂಗಡಿಯಲ್ಲಿ ಸ್ಟೋವ್ ಭುಸುಗುಡುತ್ತಿದೆ. ಪಕ್ಕದಲ್ಲಿ ಮಿರ್ಚಿಗೆ ಹಿಟ್ಟು ಕಲಸಿದ್ದಾರೆ, ಎಣ್ಣೆ ಇನ್ನೂ ಕಾದಿಲ್ಲ. ತೊಗರಿ ಕೊಯ್ಯುವ ಆಳುಗಳನ್ನು ತುಂಬಿಕೊಂಡ ಟಂಟಂ ಧೂಳೆಬ್ಬಿಸಿ ಹೋಯಿತು. ತಾಯಿಯೊಬ್ಬಳ ಸೆರಗಿನೊಳಗಿಂದ ಇಣುಕುವ ನಾಲ್ಕು ವರ್ಷದ ಹುಡುಗನ ತಲೆಯ ಮೇಲೆ ಕೆಂಪು ಟೊಪ್ಪಿಗೆ, ಅದರ ತುದಿಗೊಂದು ಬಿಳಿ ಕುಚ್ಚು. ಬಸ್ಸು ಬರುತ್ತದೆ, ಕಿಟಕಿಯ ಸೀಟು ಸಿಗುತ್ತದೆ, ಹೊಲಗಳು ಹಿಂದಕ್ಕೆ ಓಡತೊಡಗುತ್ತವೆ. ಹದಿನೈದು ನಿಮಿಷ ಆಗುವುದರೊಳಗೆ ಪ್ರಶ್ನೆ ಹೊರಡುತ್ತದೆ: “ಯವ್ವಾ, ಬಂತೇನಬೇ ಊರು?”

ಮಕ್ಕಳ ಜೊತೆ ಹಬ್ಬದ ದಿನ ಹೊರಗೆ ಹೋಗುವ ಯೋಜನೆ ಹಾಕುವವರು ಮೊದಲು ಉತ್ತರ ಹುಡುಕಬೇಕಾದದ್ದು ಈ ಪ್ರಶ್ನೆಗೆ. ನಾವು ಮಾಡುವುದು ಇದರ ಉಲ್ಟಾ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ದೀಪಾಲಂಕಾರ, ಮೈಸೂರು ಅರಮನೆಯಂಗಳದ ಮಾಗಿ ಉತ್ಸವದ ಹೂವು, ಮಂಗಳೂರಿನ ಮನೆಮನೆಯ ನಕ್ಷತ್ರ, ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ಆಸೆ ಹುಟ್ಟುತ್ತದೆ. ಎಲ್ಲಿ ಏನೇನು ನೋಡಬಹುದು ಎಂದು ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯಲ್ಲಿ ಮಗುವಿನ ಕಾಲು, ಹೊಟ್ಟೆ, ನಿದ್ದೆ ಮೂರಕ್ಕೂ ಜಾಗವಿರುವುದಿಲ್ಲ. ಈ ಲೇಖನದ ವಾದ ಸರಳವಾದದ್ದು: ಐದಾರು ವರ್ಷದವರೆಗಿನ ಮಕ್ಕಳಿದ್ದರೆ ಸಂತೆಕಲ್ಲೂರು, ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯವರು ಕ್ರಿಸ್‌ಮಸ್ ದಿನ ಮಹಾನಗರಕ್ಕೆ ಹೋಗಬೇಕಾಗಿಲ್ಲ. ಹೋಗಬೇಕಾದದ್ದು ಮುದಗಲ್ಲಿಗೆ. ಬಡವರಿಗೆ ಹೇಳುವ ಸಮಾಧಾನದ ಮಾತೆಂದು ಇದನ್ನು ತಳ್ಳಿಹಾಕುವ ಮೊದಲು ಲೆಕ್ಕ ನೋಡೋಣ.

ಸಂತೆಕಲ್ಲೂರಿನಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ನಾನೂರು ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಮೆಜೆಸ್ಟಿಕ್. 2024ರಲ್ಲಿ ಸಿಂಧನೂರಿಗೆ ರೈಲು ಬಂದದ್ದು ದೊಡ್ಡ ಅನುಕೂಲವೇ, ಆದರೆ ದೂರವೇನೂ ಕಡಿಮೆಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ದಿನಚರಿ ಕುರಿತು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಈ ವಯಸ್ಸಿನ ಮಗುವನ್ನು ಒಂದೇ ಕಡೆ ಕಟ್ಟಿಹಾಕಿದಂತೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಿಸಬಾರದು. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಒಂದೆರಡು ವರ್ಷದ ಕೂಸಿಗೆ 11ರಿಂದ 14 ಗಂಟೆ. ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ, ಎರಡೂ ಬಸ್ಸಿನ ಕುಲುಕಾಟದಲ್ಲಿ ಹೋದರೆ ನಡುವಿನ ಹಬ್ಬದ ಹಗಲಿನಲ್ಲಿ ಉಳಿಯುವುದು ಅಳು ಮತ್ತು ತೂಕಡಿಕೆ. ದೀಪ ಹತ್ತುವ ಹೊತ್ತಿಗೆ, ಯಾವ ದೀಪಕ್ಕಾಗಿ ಇಷ್ಟು ದೂರ ಬಂದರೋ ಅದರ ಎದುರಿನಲ್ಲೇ, ಮಗು ಅಪ್ಪನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ನಿದ್ದೆ ಹೋಗಿರುತ್ತದೆ. ಹೆಗಲಿನಿಂದ ಇಳಿಸಿದರೂ ಲಾಭವಿಲ್ಲ. ಮೂರಡಿ ಎತ್ತರದಿಂದ ನೋಡಿದರೆ ಬ್ರಿಗೇಡ್ ರಸ್ತೆಯ ಗದ್ದಲದಲ್ಲಿ ಕಾಣುವುದು ದೊಡ್ಡವರ ಮೊಣಕಾಲು, ಕೈಚೀಲ ಮತ್ತು ಪ್ಯಾಂಟಿನ ಜೇಬು. ಆಕಾಶದ ಬೆಳಕಿನ ತೋರಣವೆಲ್ಲ ದೊಡ್ಡವರ ಫೋಟೋಕ್ಕೆ.

ಮುದಗಲ್ಲಿನ ದಾರಿ ಬೇರೆ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹೋದರೂ ಎರಡು ಗಂಟೆಯೊಳಗಿನ ಹಾದಿ. ಬದಲಿಸುವ ನೆಪದಲ್ಲಿ ಮಗುವಿಗೆ ನೆಲದ ಮೇಲೆ ಓಡಾಡಲು, ನೀರು ಕುಡಿಯಲು, ಒಂದಕ್ಕೆ ಹೋಗಲು ಸಮಯ ಸಿಗುತ್ತದೆ. ದೊಡ್ಡವರಿಗೆ ಕಿರಿಕಿರಿ ಎನಿಸುವ ಈ ಬಸ್ ಬದಲಾವಣೆಯೇ ಮಗುವಿನ ಪಾಲಿಗೆ ಉಪಕಾರ. ಖರ್ಚಿನ ಲೆಕ್ಕವೂ ಹಗುರ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆರು ವರ್ಷದೊಳಗಿನ ಗಂಡುಹುಡುಗರಿಗೂ ಇಲ್ಲ, ಹನ್ನೆರಡರವರೆಗೆ ಅರ್ಧ. ಅಜ್ಜಿ, ಅವ್ವ, ಚಿಗವ್ವ, ಮಕ್ಕಳ ದಂಡೇ ಹೊರಟರೂ ದುಡ್ಡು ಎಣಿಸುವವರು ಅಪ್ಪ ಮತ್ತು ಕಾಕಾ ಮಾತ್ರ.

ಮುದಗಲ್ಲಿನ ಹಳೆಯ ಗಂಟೆ

*ಮುದಗಲ್ಲಿನ ಕ್ಯಾಥೊಲಿಕ್ ಚರ್ಚನ್ನು ಜೆಸುಯಿಟ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿದರು ಎನ್ನುತ್ತವೆ ಹಳೆಯ ಗ್ಯಾಸೆಟಿಯರ್‌ಗಳು. ವಿಜಯನಗರ ಬಿದ್ದದ್ದು 1565ರಲ್ಲಿ. ಮಂಗಳೂರಿನ ರೊಸಾರಿಯೊ ಚರ್ಚ್ ಹುಟ್ಟಿದ್ದು 1568ರಲ್ಲಿ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಜಾಗದಲ್ಲಿ ಅಬ್ಬೆ ದುಬ್ವಾ ಎಂಬ ಪಾದ್ರಿ ಸಣ್ಣ ಗುಡಿ ಕಟ್ಟಿಸಿದ್ದು 1818ರಲ್ಲಿ. ಲೆಕ್ಕದಲ್ಲಿ ಮುದಗಲ್ಲೇ ಹಿರಿಯಣ್ಣ. ಗೋವಾದಿಂದ ಬಂದ ಪಾದ್ರಿಗಳ ಈ ನೆಲೆಗೆ ಬಿಜಾಪುರದ ಸುಲ್ತಾನರು ದತ್ತಿ ಬಿಟ್ಟಿದ್ದರು.*

ಈ ಹಿರಿತನವನ್ನು ಮಗುವಿಗೆ ಪಾಠ ಮಾಡಬೇಕೆಂದೇನೂ ಇಲ್ಲ. ಇಸವಿಗಳು ಕರೆದೊಯ್ಯುವವರಿಗೆ ಬೇಕಾದವು. ಕ್ರಿಸ್‌ಮಸ್ ಎಂದರೆ ದೂರದ ನಗರಗಳಿಂದ ನಮ್ಮ ಕಡೆಗೆ ಈಚೆಗೆ ಬಂದ ಸಂಭ್ರಮ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ಮೊದಲು ಕಿತ್ತುಹಾಕಬೇಕು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ಬಹಮನಿಯವರು, ವಿಜಯನಗರದವರು, ಆದಿಲ್‌ಶಾಹಿಗಳು ಒಬ್ಬರಾದ ಮೇಲೊಬ್ಬರು ಬಡಿದಾಡಿದರು. ಮುದಗಲ್ಲು ಕೋಟೆ ಕೈಯಿಂದ ಕೈಗೆ ಹೋಯಿತು. ಅಂಥ ಗದ್ದಲದ ನಡುವೆಯೇ ಇಲ್ಲೊಂದು ಕ್ರೈಸ್ತ ಸಮುದಾಯ ಬೇರುಬಿಟ್ಟು, ಕನ್ನಡದಲ್ಲೇ ಜಪ ಹೇಳುತ್ತಾ ನಾಲ್ಕೂವರೆ ಶತಮಾನ ದಾಟಿತು. ಕಾಲುವೆ ನೀರು ಬಂದ ಮೇಲೆ ಸಿಂಧನೂರು ಸುತ್ತಮುತ್ತ ಎದ್ದ ಆಂಧ್ರದವರ ಕ್ಯಾಂಪುಗಳಲ್ಲಿ ತೆಲುಗು ಹಾಡಿನ ಕ್ರಿಸ್‌ಮಸ್ ಕೂಡ ಸೇರಿಕೊಂಡಿತು. ಮುದಗಲ್ಲಿನ ಚರ್ಚಿಗೆ ಹೋಲಿಸಿದರೆ ಮಗುವಿನ ತಲೆಯ ಮೇಲಿನ ಕೆಂಪು ಟೊಪ್ಪಿಗೆಯೇ ಈಚಿನದು. ದಪ್ಪ ಹೊಟ್ಟೆಯ, ಕೆಂಪಂಗಿಯ ಕ್ರಿಸ್‌ಮಸ್ ತಾತನ ಈಗಿನ ಚಿತ್ರವನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದ್ದು 1931ರಿಂದ ಬರತೊಡಗಿದ ಅಮೆರಿಕದ ತಂಪುಪಾನೀಯವೊಂದರ ಜಾಹೀರಾತುಗಳು. ತಾತನಿಗಿಂತ ಮುದಗಲ್ಲಿಗೇ ಹೆಚ್ಚು ವಯಸ್ಸು!

ಅಲ್ಲಿ ಮಗು ನೋಡುವುದಾದರೂ ಏನನ್ನು? ಗೋದಲಿಯನ್ನು. ಕ್ರಿಸ್‌ಮಸ್ ಹೊತ್ತಿಗೆ ಕ್ಯಾಥೊಲಿಕ್ ಚರ್ಚುಗಳಲ್ಲೆಲ್ಲ ಹುಲ್ಲು, ಕಡ್ಡಿ, ಬಣ್ಣದ ಕಾಗದದಿಂದ ದನದ ಕೊಟ್ಟಿಗೆ ಕಟ್ಟಿ, ಅದರೊಳಗೆ ಬಾಲಯೇಸು, ಮೇರಿಯಮ್ಮ, ಜೋಸೆಫ, ಕುರುಬರು, ಕುರಿ, ಎತ್ತು, ಕತ್ತೆ ಎಲ್ಲವನ್ನೂ ಇಡುತ್ತಾರೆ. ಈ ಪದ್ಧತಿಯ ಹಿಂದಿರುವುದೇ ಓದುಬರಹ ಬಾರದವರಿಗೆ, ಪುಟ್ಟವರಿಗೆ ಕಥೆಯನ್ನು ಕಣ್ಣಿಗೆ ಕಾಣಿಸಬೇಕೆಂಬ ಆಸೆ. 1223ರ ಕ್ರಿಸ್‌ಮಸ್‌ನಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಒಂದು ಗವಿಯೊಳಗೆ ಹುಲ್ಲು ಹಾಸಿ, ಜೀವಂತ ಎತ್ತು-ಕತ್ತೆಗಳನ್ನು ತಂದು ನಿಲ್ಲಿಸಿ ಜನರನ್ನು ಕರೆದರು. ಅದು ಹಬ್ಬುತ್ತಾ ಹಬ್ಬುತ್ತಾ ನಮ್ಮ ಸೀಮೆಗೂ ಬಂತು. ಗೋದಲಿ ನೆಲದ ಮೇಲೆ ಅಥವಾ ತಗ್ಗಿನ ಜಗುಲಿಯ ಮೇಲೆ ಇರುತ್ತದೆ, ಅಂದರೆ ಮಗುವಿನ ಕಣ್ಣಿನ ನೇರಕ್ಕೆ. ಇಲ್ಲಿ ಬಗ್ಗಿ ನೋಡಬೇಕಾದವರು ದೊಡ್ಡವರು. ಇನ್ನೂ ಒಂದು ಮಾತಿದೆ. ನಗರದ ಮಾಲಿನಲ್ಲಿ ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಹಿಮಸಾರಂಗ ಕಂಡ ಮಗು ಬೆರಗಾಗುತ್ತದೆ, ನಿಜ. ಆದರೆ ಗೋದಲಿ ಕಂಡ ಸಂತೆಕಲ್ಲೂರಿನ ಮಗು ಮಾತಾಡುತ್ತದೆ. “ಅದು ಎತ್ತು, ಇದು ಕುರಿ, ಹುಲ್ಲು ಯಾಕೆ ಕಡಿಮಿ ಐತಿ?” ಎಂದು ಕೇಳುತ್ತದೆ. ಮೂರು ವರ್ಷದ ಮಗುವಿಗೆ ತನಗೆ ಗೊತ್ತಿರುವುದನ್ನು ಗೊತ್ತಿಲ್ಲದ ಜಾಗದಲ್ಲಿ ಕಂಡು ಗುರುತಿಸುವುದರಷ್ಟು ಖುಷಿ ಬೇರೆ ಯಾವುದರಲ್ಲೂ ಇಲ್ಲ.

ದಿನದ ಯೋಜನೆ ಹೇಗಿರಬೇಕೆಂದು ನಗರದವರ ಪುಸ್ತಕ ನೋಡಿ ಕಲಿಯುವ ಅಗತ್ಯ ನಮಗಿಲ್ಲ. ಕ್ರಿಸ್‌ಮಸ್‌ನ ಹಿಂದುಮುಂದಿನ ದಿನಗಳಲ್ಲೇ ಬರುವ ಎಳ್ಳಮಾವಾಸ್ಯೆಯನ್ನು ನೆನೆಸಿಕೊಂಡರೆ ಸಾಕು. ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ಆ ದಿನದ ವ್ಯವಸ್ಥೆಯಲ್ಲಿ ಪುಟ್ಟ ಮಕ್ಕಳ ಲೆಕ್ಕ ಮೊದಲಿನಿಂದಲೂ ಸೇರಿದೆ. ಹೊರಡುವುದು ಬಿಸಿಲು ಹತ್ತಿದ ಮೇಲೆ. ಹೋಗುವುದು ಒಂದೇ ಜಾಗಕ್ಕೆ. ಬುತ್ತಿ ಮನೆಯದು: ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರು. ಉಂಡ ಮೇಲೆ ಗಿಡದ ನೆರಳಲ್ಲಿ ಕೂಸು ಮಲಗುತ್ತದೆ, ದೊಡ್ಡವರು ಹರಟುತ್ತಾರೆ. ಹೊತ್ತು ಮುಳುಗುವ ಮೊದಲು ಮನೆ. ಈ ಮಾದರಿಯನ್ನು ಇದ್ದಂತೆಯೇ ಎತ್ತಿ ಕ್ರಿಸ್‌ಮಸ್‌ಗೆ ಹೊಂದಿಸಬಹುದು. ಎಂಟು-ಎಂಟೂವರೆಗೆ ಬಸ್ಸು. ಬೆಳಗಿನ ಬಲಿಪೂಜೆ ಮುಗಿದು ಜನ ಹೊರಬಂದ ಮೇಲೆ, ಹತ್ತು-ಹನ್ನೊಂದರ ಹೊತ್ತಿಗೆ, ಗೋದಲಿ ದರ್ಶನ. ಆಮೇಲೆ ಕೋಟೆಯ ಕಡೆ ನಿಧಾನವಾಗಿ ನಡೆದು ಒಂದು ನೆರಳು ಹುಡುಕಿಕೊಂಡು ಬುತ್ತಿ ಬಿಚ್ಚುವುದು. ಡಿಸೆಂಬರಾದರೂ ನಮ್ಮ ಕಡೆ ಹನ್ನೆರಡರ ಬಿಸಿಲು ಚುರುಕಾಗಿಯೇ ಇರುತ್ತದೆ, ಮುಂಜಾನೆಯ ಸ್ವೆಟರು ಮಧ್ಯಾಹ್ನಕ್ಕೆ ದಿಂಬಾಗುತ್ತದೆ. ಕೂಸು ಎದ್ದ ಮೇಲೆ ಪೇಟೆಯಲ್ಲಿ ಒಂದು ಬಲೂನು, ಬೇಕರಿಯಲ್ಲಿ ಒಂದು ತುಂಡು ಕೇಕು, ಬಿಸಿ ಮಿರ್ಚಿಯ ಜೊತೆ ಮಂಡಾಳ ಒಗ್ಗರಣಿ. ನಾಲ್ಕಕ್ಕೆ ವಾಪಸು ಬಸ್ಸು.

ಈ ಯೋಜನೆಯನ್ನು ಕೆಡಿಸುವವರು ಮಕ್ಕಳಲ್ಲ, ದೊಡ್ಡವರು. “ಹೆಂಗೂ ಹೊಂಟೀವಲ್ಲ” ಎಂಬ ಒಂದು ಮಾತು ಸಾಕು. ಹೆಂಗೂ ಹೊರಟಿದ್ದೇವೆ, ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನವನ್ನೂ ತೋರಿಸೋಣ. ಹೆಂಗೂ ಲಿಂಗಸುಗೂರು ಮುಟ್ಟಿದ್ದೇವೆ, ಜಲದುರ್ಗಕ್ಕೂ ಹೋಗಿ ಕೃಷ್ಣೆಯನ್ನು ನೋಡಿಬರೋಣ. ಮಸ್ಕಿ ಶಾಸನ ಸಣ್ಣ ಸಂಗತಿಯೇನಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಪತ್ತೆಹಚ್ಚಿದ ಮೇಲೆಯೇ ಶಾಸನಗಳ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿತು. ಆದರೆ ಅದು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕಾದಿದೆ, ಮಗುವಿಗೆ ಹತ್ತು ವರ್ಷ ಆಗುವವರೆಗೂ ಕಾಯುತ್ತದೆ. ಒಂದು ದಿನಕ್ಕೆ ಒಂದೇ ಊರು, ಒಂದೇ ದೊಡ್ಡ ನೋಟ. ಇದರಲ್ಲಿ ರಿಯಾಯಿತಿ ಕೊಟ್ಟರೆ ಮುದಗಲ್ಲಿಗೆ ಹೋದರೂ ಬೆಂಗಳೂರಿಗೆ ಹೋದಷ್ಟೇ ದಣಿವು.

ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಗುಸುಗುಸು ದನಿಯಲ್ಲಿ ಬರುವುದು: ನಮ್ಮದಲ್ಲದ ಹಬ್ಬಕ್ಕೆ ಮಕ್ಕಳನ್ನು ಯಾಕೆ ಕರೆದೊಯ್ಯಬೇಕು? ಮುದಗಲ್ಲಿನ ಹೆಸರು ಹೇಳಿ ಈ ಪ್ರಶ್ನೆ ಕೇಳುವವರು ಮುದಗಲ್ಲಿನ ಮೊಹರಂ ನೋಡಿರಲಿಕ್ಕಿಲ್ಲ. ಹುಸೇನಿ ಆಲಂ ದರ್ಗಾದ ಆ ಹಬ್ಬಕ್ಕೆ ಸುತ್ತಣ ಜಿಲ್ಲೆಗಳಿಂದ ಸೇರುವ ಜನಸಾಗರದಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಬೇರ್ಪಡಿಸಲು ಹೊರಟವರಿಗೆ ಕೆಲಸ ಮುಗಿಯುವುದೇ ಇಲ್ಲ. ಹರಕೆ ಹೊತ್ತವರು, ಸಕ್ಕರೆ ಓದಿಸುವವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವವರು ಎಲ್ಲ ಜಾತಿಯವರೂ ಇದ್ದಾರೆ. ಪರರ ಹಬ್ಬಕ್ಕೆ ಮಕ್ಕಳನ್ನು ಎತ್ತಿಕೊಂಡು ಹೋಗುವುದು ಈ ನೆಲದಲ್ಲಿ ಹೊಸದಾಗಿ ಕಲಿಸಬೇಕಾದ ಔದಾರ್ಯವಲ್ಲ, ಹಳೆಯ ರೂಢಿ. ಸಂತೆಕಲ್ಲೂರಿಗೂ ಇದು ಹೊರಗಿನ ಮಾತಾಗಲಾರದು. ಬೇಸಾಯದ ಬದುಕನ್ನೇ ವಿಷಯ ಮಾಡಿಕೊಂಡು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರದು. ಮಠವೆಂದರೆ ಊರಿಗೆಲ್ಲ ತೆರೆದ ಬಾಗಿಲೆಂದು ತಿಳಿದ ಜನರ ಊರು.

ಈ ಆಕ್ಷೇಪದ ಇನ್ನೊಂದು ಮಗ್ಗುಲು ಮಾತ್ರ ಗಂಭೀರವಾದದ್ದು, ಅದನ್ನು ಎತ್ತಬೇಕಾದವರು ಕ್ರೈಸ್ತರೇ. ಚರ್ಚು ಪಿಕ್‌ನಿಕ್ ಜಾಗವಲ್ಲ. ವರ್ಷದ ದೊಡ್ಡ ಹಬ್ಬದಂದು ಪ್ರಾರ್ಥನೆಗೆ ಕೂತವರ ನಡುವೆ ನುಗ್ಗಿ ಮೊಬೈಲು ಎತ್ತಿ ಹಿಡಿಯುವುದು, ಮಕ್ಕಳನ್ನು ಬಲಿಪೀಠದ ಹತ್ತಿರ ಓಡಲು ಬಿಡುವುದು, ಗೋದಲಿಯ ಬೊಂಬೆ ಎತ್ತಿ ಸೆಲ್ಫಿ ತೆಗೆಯುವುದು, ಇವೆಲ್ಲ ಹಬ್ಬ ನೋಡುವುದಾಗದು, ಹಬ್ಬ ಕೆಡಿಸುವುದಾಗುತ್ತದೆ. ಅದಕ್ಕೇ ಪೂಜೆ ಮುಗಿದ ಮೇಲಿನ ಹೊತ್ತನ್ನು ಆರಿಸಿಕೊಳ್ಳಬೇಕೆಂದು ಮೇಲೆ ಹೇಳಿದ್ದು. ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲಿಯವರೆಗೆ ಹೋಗಬಹುದು ಎಂದು ಅಲ್ಲಿನವರನ್ನೇ ಕೇಳಿದರೆ ಆಯಿತು. ಗುಡಿಯಲ್ಲಿ ಗರ್ಭಗುಡಿಯ ಹೊಸ್ತಿಲು ಯಾವುದೆಂದು ತಿಳಿದ ಮಗುವಿಗೆ ಇಲ್ಲಿನ ಗಡಿ ತಿಳಿಯುವುದು ಕಷ್ಟವಲ್ಲ.

ಜೇಬಿನಲ್ಲೊಂದು ಚೀಟಿ

*ಜಾತ್ರೆಯಾಗಲಿ, ಕ್ರಿಸ್‌ಮಸ್ ಆಗಲಿ, ಗದ್ದಲದಲ್ಲಿ ಕೈ ತಪ್ಪುವುದು ಅರೆಕ್ಷಣದ ಮಾತು. ಮಗುವಿನ ಅಂಗಿಯ ಜೇಬಿನಲ್ಲಿ ತಂದೆ-ತಾಯಿಯ ಫೋನ್ ನಂಬರು ಬರೆದ ಚೀಟಿ ಇರಲಿ. ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆಯಬೇಡಿ. ಹೊರಡುವ ಮೊದಲು ಮಗುವಿನ ಒಂದು ಫೋಟೋ ತೆಗೆದಿಟ್ಟರೆ ಅಂದಿನ ಬಟ್ಟೆಯ ಗುರುತು ಹೇಳುವುದು ಸುಲಭ. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112.*

ಎರಡನೆಯ ಆಕ್ಷೇಪ ಹೆಚ್ಚು ಖಾರದ್ದು. ಬೆಂಗಳೂರಿನವರ ಮಕ್ಕಳಿಗೆ ದೀಪ, ಉದ್ಯಾನ, ಮೆಟ್ರೊ, ವಿಜ್ಞಾನದ ವಸ್ತುಸಂಗ್ರಹಾಲಯ. ರಾಯಚೂರು ಜಿಲ್ಲೆಯ ಮಕ್ಕಳಿಗೆ ಮಾತ್ರ “ಇದ್ದುದರಲ್ಲೇ ಸುಖ ಕಾಣಿ” ಎಂಬ ಬುದ್ಧಿಮಾತೆ? ಹಿಂದುಳಿದದ್ದಕ್ಕಾಗಿಯೇ ಸಂವಿಧಾನದಲ್ಲಿ 371(ಜೆ) ಎಂಬ ಕಲಮು ಪಡೆದ ಸೀಮೆಯ ಜನ ಈ ಮಾತನ್ನು ಸಿಟ್ಟಿನಿಂದಲೇ ಕೇಳಬೇಕು. ಸಿಟ್ಟು ಸರಿಯಾದದ್ದು. ಆದರೆ ಆ ಸಿಟ್ಟು ಹೋಗಬೇಕಾದ ದಿಕ್ಕು ಬೇರೆ. ನಮ್ಮ ಮಕ್ಕಳಿಗೆ ಇರದ ಸೌಕರ್ಯವನ್ನು ವರ್ಷಕ್ಕೊಮ್ಮೆ ನಾನೂರು ಕಿ.ಮೀ. ಹೋಗಿ ಕಂಡು ಬಂದರೆ ಇಲ್ಲಿಯ ಕೊರತೆ ತುಂಬುವುದಿಲ್ಲ. ಹಬ್ಬದ ದಿನ ಮುದಗಲ್ಲು ಕೋಟೆಯ ಬಳಿ ನೂರು ಮನೆಯವರು ಮಕ್ಕಳೊಡನೆ ಬಂದು ಕೂತರೆ, “ಕುಡಿಯುವ ನೀರೆಲ್ಲಿ? ಹೆಣ್ಣುಮಕ್ಕಳು ಹೋಗುವಂಥ ಶೌಚಾಲಯ ಎಲ್ಲಿ? ನೆರಳಿಗೆ ನಾಲ್ಕು ಬೇವಿನ ಗಿಡ ಯಾಕಿಲ್ಲ?” ಎಂದು ಪುರಸಭೆಯನ್ನು ಕೇಳುವ ಬಾಯಿಗಳೂ ನೂರಾಗುತ್ತವೆ. ಯಾರೂ ಬರದ ಜಾಗಕ್ಕೆ ಯಾವ ಸರ್ಕಾರವೂ ನಲ್ಲಿ ಹಾಕಿಸಿದ್ದಿಲ್ಲ.

ಈ ವಾದವನ್ನು ಎಲ್ಲರಿಗೂ ಎಲ್ಲ ವಯಸ್ಸಿಗೂ ಎಳೆಯಲಾಗದು, ಎಳೆಯಲೂಬಾರದು. ಎಂಟು-ಒಂಬತ್ತು ದಾಟಿದ ಹುಡುಗ ಹುಡುಗಿಯರಿಗೆ ಗೋದಲಿಯ ಕುರಿ ಸಾಲದು, ದೊಡ್ಡ ಊರಿನ ಗಾತ್ರವೇ ಅವರಿಗೆ ಬೆರಗು. ಅವರನ್ನು ರಾಯಚೂರಿಗೆ ಕರೆದೊಯ್ಯಿರಿ. ರೈಲು ನಿಲ್ದಾಣವಿದೆ, ಚರ್ಚುಗಳಿವೆ, ಸಂಜೆಗೆ ದೀಪದ ಸರವಿರುವ ಪೇಟೆಯಿದೆ. 1294ರ ಶಾಸನವಿರುವ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿ ದಾಟುವ ಒಂದೇ ಕಲ್ಲುಚಪ್ಪಡಿ ಇದೆ. ಅಷ್ಟು ಭಾರವನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲಿನಿಂದ ಎಳೆಸಿ ತಂದ ಬಗೆಯನ್ನೂ ಗೋಡೆಯ ಮೇಲೆಯೇ ಗೀರಿ ತೋರಿಸಿದ್ದಾರೆ. ಹತ್ತು ವರ್ಷದವರು ಇದರ ಮುಂದೆ ಅರ್ಧ ಗಂಟೆ ನಿಲ್ಲಬಲ್ಲರು, ನಾಲ್ಕು ವರ್ಷದವರು ಅರ್ಧ ನಿಮಿಷ. ಹೈದರಾಬಾದಿನ ನಂಟು ಉಳಿಸಿಕೊಂಡವರು ಅಲ್ಲಿಂದ ಮೇದಕ್ ಕೆಥೆಡ್ರಲ್‌ವರೆಗೂ ಹೋಗುವುದುಂಟು. ಬರಗಾಲದಲ್ಲಿ ಜನರಿಗೆ ಕೂಲಿ-ಕೂಳು ಕೊಟ್ಟು ಕಟ್ಟಿಸಿ, 1924ರ ಕ್ರಿಸ್‌ಮಸ್ ದಿನವೇ ತೆರೆದ ಚರ್ಚದು. ನೋಡಲೇಬೇಕಾದದ್ದು, ಆದರೆ ಡಿಸೆಂಬರ್ 25ರಂದು ಅಲ್ಲಿ ಸೇರುವ ಜನಜಂಗುಳಿಯಲ್ಲಿ ಎತ್ತಿಕೊಳ್ಳುವ ಕೂಸನ್ನು ಕರೆದೊಯ್ಯುವುದು ಸಾಹಸ. ಶಕ್ತಿ ಯೋಜನೆಯೂ ರಾಜ್ಯದ ಗಡಿ ದಾಟುವುದಿಲ್ಲ.

ಇನ್ನು ಉಳಿದವರು, ಈ ಲೇಖನದ ಮೊದಲ ಸಾಲಿನಲ್ಲೇ ಬರಬೇಕಾಗಿದ್ದವರು. ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ತಾಲ್ಲೂಕುಗಳ ಒಣಭೂಮಿಯ ಹಳ್ಳಿಗಳಿಂದ ಗುಳೆ ಹೊರಡುವ ಮನೆಗಳಿಗೆ ಬೆಂಗಳೂರು ದೂರದ ಊರಲ್ಲ. ಕ್ರಿಸ್‌ಮಸ್ ಹೊತ್ತಿಗೆ ಅವರ ಮಕ್ಕಳು ಕಟ್ಟಡದ ಕೆಲಸದ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತಾರೆ. ನಗರವನ್ನು ದಿನವೂ ನೋಡುವ, ಆದರೆ ಒಂದು ದಿನವೂ ನೋಡದ ಮಕ್ಕಳು ಅವರು. “ಹತ್ತಿರದಲ್ಲೇ ನೋಡಿ” ಎಂಬ ವಾದ ಅವರಿಗೆ ಹೆಚ್ಚೇ ಅನ್ವಯಿಸುತ್ತದೆ, ಅವರಿಗೆ ಹತ್ತಿರವಾದದ್ದು ಬೆಂಗಳೂರೇ. ಅಲ್ಲೂ ಸೂತ್ರ ಅದೇ: ಒಂದೇ ಜಾಗ, ಹಗಲು ಹೊತ್ತು, ಮನೆಯ ಬುತ್ತಿ. ನಮ್ಮ ಮೆಟ್ರೊದಲ್ಲಿ ಮೂರಡಿಗಿಂತ ಗಿಡ್ಡ ಮಕ್ಕಳಿಗೆ ಟಿಕೆಟ್ ಇಲ್ಲ. ಸುರಂಗದೊಳಗೆ ನುಗ್ಗುವ ರೈಲೇ ಆ ವಯಸ್ಸಿಗೆ ಒಂದು ಜಾತ್ರೆ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ 1870ರಿಂದ ಇರುವ ಉದ್ಯಾನದ ಹುಲ್ಲು, ಬಿದಿರು ಮೆಳೆ, ಬಾಲಭವನ. ಉದ್ಯಾನದೊಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಅಲ್ಲಿಂದ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ದೂರವಿಲ್ಲ. 1882ರಲ್ಲಿ ಕಟ್ಟಿದ ಆ ಎತ್ತರದ ಗೋಪುರದ ಚರ್ಚಿಗೆ 1974ರಲ್ಲಿ ಬೆಸಿಲಿಕಾದ ಪಟ್ಟ ಸಿಕ್ಕಿತು. ಮೇಣದಬತ್ತಿ ಹಚ್ಚಲು, ಸೀರೆ ಹರಕೆ ಒಪ್ಪಿಸಲು ಎಲ್ಲ ಧರ್ಮದವರೂ ಬರುವ ಜಾಗವಾದ್ದರಿಂದ ಕೂಲಿಯ ಬಟ್ಟೆಯಲ್ಲಿ ಬಂದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಗಾಜಿನ ಬಾಗಿಲಿನ ಮಾಲಿನ ಕಾವಲುಗಾರನ ಕಣ್ಣು ಹಾಗಿರುವುದಿಲ್ಲ ಎಂಬುದು ಗುಳೆ ಹೋದ ಯಾರನ್ನು ಕೇಳಿದರೂ ತಿಳಿಯುತ್ತದೆ.

ಮೂರನೆಯ ಆಕ್ಷೇಪವೊಂದಿದೆ, ಅದಕ್ಕೆ ಪೂರ್ತಿ ಉತ್ತರ ಕೊಡುವುದು ಕಷ್ಟ. ಇಷ್ಟು ಚಿಕ್ಕ ಮಕ್ಕಳಿಗೆ ದೊಡ್ಡವರಾದ ಮೇಲೆ ಏನೂ ನೆನಪಿರುವುದಿಲ್ಲ, ಎಲ್ಲಿಗೆ ಕರೆದೊಯ್ದರೇನು? ಹೌದು, ಮೂರನೆಯ ವಯಸ್ಸಿನ ಕ್ರಿಸ್‌ಮಸ್ ಮೂವತ್ತನೆಯ ವಯಸ್ಸಿಗೆ ಉಳಿಯುವುದು ಅಪರೂಪ. ಆದರೆ ಮಗುವಿನ ಖುಷಿ ಮುಂದೆಂದೋ ನೆನೆಯುವುದಕ್ಕಾಗಿಯೇ ಇರಬೇಕೆಂದು ಯಾರು ಹೇಳಿದರು? ಹಾಲು ಕುಡಿದದ್ದೂ ನೆನಪಿರುವುದಿಲ್ಲ. ಮತ್ತೆ, ಹತ್ತಿರದ ಊರಿಗೆ ಮುಂದಿನ ವರ್ಷವೂ ಹೋಗಬಹುದು, ಅದರ ಮುಂದಿನ ವರ್ಷವೂ. ಮೂರರಲ್ಲಿ ಎತ್ತನ್ನು ಗುರುತಿಸಿದ ಮಗು ಐದರಲ್ಲಿ ಕುರುಬರು ಯಾರೆಂದು ಕೇಳುತ್ತದೆ, ಏಳರಲ್ಲಿ ಈ ಕೂಸು ಮನೆಯಲ್ಲಿ ಹುಟ್ಟದೆ ದನದ ಕೊಟ್ಟಿಗೆಯಲ್ಲಿ ಯಾಕೆ ಹುಟ್ಟಿತು ಎಂದು ಕೇಳುತ್ತದೆ. ವರ್ಷ ಬಿಟ್ಟು ವರ್ಷ ಸಾಲ ಮಾಡಿ ಹೋಗುವ ಬೆಂಗಳೂರಿಗೆ ಇಂಥ ರೂಢಿಯಾಗುವ ಶಕ್ತಿ ಇಲ್ಲ. ಹೆಸರಿನಲ್ಲೇ ಸಂತೆ ಇಟ್ಟುಕೊಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಪ್ರತಿ ವಾರ ಅದೇ ಸಂತೆ, ಅದೇ ಬೆಂಡು-ಬತ್ತಾಸು, ಆದರೂ ಮಗು ಪ್ರತಿ ವಾರ ಸೆರಗು ಹಿಡಿದು ಹೊರಟೇ ಬಿಡುತ್ತದೆ.

ಹಬ್ಬದ ದಿನವೇ ಬಸ್ಸು ತುಂಬಿ ಬಂದರೆ ಮಗುವನ್ನು ಎತ್ತಿಕೊಂಡು ನಿಂತೇ ಹೋಗಬೇಡಿ, ಮನೆಗೆ ಮರಳಿ. ಗೋದಲಿಯನ್ನು ಡಿಸೆಂಬರ್ 26ಕ್ಕೆ ಎತ್ತಿಡುವುದಿಲ್ಲ. ಜನವರಿ 6ರ ಸುಮಾರಿಗೆ ಬರುವ ಮೂರು ಜ್ಞಾನಿಗಳ ಹಬ್ಬದವರೆಗೂ ಎತ್ತು, ಕತ್ತೆ, ಕುರಿ, ಕೂಸು ಎಲ್ಲ ಅಲ್ಲೇ ಇರುತ್ತವೆ. ಎಳ್ಳಮಾವಾಸ್ಯೆ ಅಷ್ಟರೊಳಗೆ ಬಂದರೆ ಬುತ್ತಿಗೆ ಶೇಂಗಾ ಹೋಳಿಗೆಯೂ ಸಿದ್ಧವಾಗಿರುತ್ತದೆ.